ಎಲೆ ಉಳಿಯಿತು, ಪಥ್ಯ ಬಿತ್ತು

ಚಿಂಚೋಳಿಯಿಂದ ಶಹಾಬಾದ್‌ವರೆಗೆ ಎಲ್ಲೇ ನಿಂತು ಕೇಳಿ, ಕಾಮಣಿಗೆ ಸೊಪ್ಪು ಕೊಡುವವರ ಮನೆಗೆ ಯಾರಾದರೂ ದಾರಿ ತೋರಿಸುತ್ತಾರೆ. ಆ ಹೆಸರನ್ನೇ ಬಂಡವಾಳ ಮಾಡಿಕೊಂಡು ನೆಲನೆಲ್ಲಿ, ಗರಗ, ಅಮೃತಬಳ್ಳಿಗಳು ಈಗ ‘ಫ್ಯಾಟಿ ಲಿವರ್’ಗೂ ಮದ್ದಾಗಿ ಕೂತಿವೆ. ಈ ಬಡ್ತಿಗೆ ಸಾಕ್ಷಿ ಕೇಳಿದರೆ ಮುಂದೆ ಬರುವುದು ಇಲಿ.

ನೆಲನೆಲ್ಲಿಯ ಹಳೆಯ ವ್ಯಾಜ್ಯ ಓದುಗರಿಗೆ ಗೊತ್ತಿದ್ದದ್ದೇ. 1988ರ ‘ಲ್ಯಾನ್ಸೆಟ್’ನಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್-ಬಿ ವಾಹಕರ ಮೇಲೆ ಕಂಡ ಫಲ ಬೇರೆಯವರ ಕೈಯಲ್ಲಿ ನಿಲ್ಲಲಿಲ್ಲ. ಅದು ಅಲ್ಲಿಗಿರಲಿ. ನನ್ನ ತಕರಾರು ಇಲಿಯ ತಟ್ಟೆಯ ಬಗ್ಗೆ.

ಇಂಥ ಪ್ರಯೋಗಗಳ ಪದ್ಧತಿ ಹೀಗೆ: ಇಲಿಗೆ ವಾರಗಟ್ಟಲೆ ಕೊಬ್ಬು ತಿನ್ನಿಸುತ್ತಾರೆ, ಎಷ್ಟೋ ಕಡೆ ಅದರ ಆಹಾರದ ಕ್ಯಾಲರಿಯಲ್ಲಿ 45ರಿಂದ 60 ಶೇಕಡಾ ಕೊಬ್ಬಿನದೇ. ಯಕೃತ್ತಿನಲ್ಲಿ ಕೊಬ್ಬು ಕೂತ ಮೇಲೆ ಸೊಪ್ಪಿನ ಸಾರ ಕುಡಿಸುತ್ತಾರೆ. ಕೊಬ್ಬಿನ ಊಟ ಮಾತ್ರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ರಕ್ತದಲ್ಲಿ ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವ ಇಳಿದರೆ ಸೊಪ್ಪು ಪಾಸು. ಪ್ರಮಾಣವನ್ನಾದರೂ ನೋಡೋಣ. ಇಲಿಯ ಪ್ರತಿ ಕಿಲೋಗೆ 400 ಮಿಲಿಗ್ರಾಂ ಎಂದರೆ, ರೂಢಿಯಂತೆ 6.2ರಿಂದ ಭಾಗಿಸಿದಾಗ, 60 ಕಿಲೋ ತೂಗುವ ಮನುಷ್ಯನಿಗೆ ದಿನಕ್ಕೆ ಸುಮಾರು 4 ಗ್ರಾಂ ಸಾರ. ನೂರು ಗ್ರಾಂ ಒಣಸೊಪ್ಪಿಗೆ ಹತ್ತು ಗ್ರಾಂ ಸಾರ ಬಂದೀತೆಂದು ಹಿಡಿದರೂ ದಿನಕ್ಕೆ 40 ಗ್ರಾಂ ಒಣಸೊಪ್ಪು ಬೇಕು. ಯಾವ ನಾಟಿ ವೈದ್ಯರೂ ಅಷ್ಟು ಕೊಟ್ಟದ್ದು ನಾನು ಕಂಡಿಲ್ಲ.

ನಾನು ಕಂಡದ್ದು ಇಷ್ಟು. ಹುಡುಗನಿದ್ದಾಗ ನನಗೆ ಕಾಮಣಿ ಆಗಿತ್ತು. ಸೇಡಂ ಬದಿಯ ಹಳ್ಳಿಯೊಂದರ ಮುದುಕಿ ಬಂಡೆಯ ಮೇಲೆ ಸೊಪ್ಪು ಅರೆದು, ನೆಲ್ಲಿಕಾಯಿಯಷ್ಟು ಉಂಡೆಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಸಿದಳು. ಆಮೇಲೆ ಅವ್ವನ ಕಡೆ ತಿರುಗಿ, “ಎಣ್ಣಿ ಪದಾರ್ಥ ಏನೂ ಕೊಡಬ್ಯಾಡ ನೋಡವ್ವಾ. ಮಜ್ಜಿಗಿ ಅನ್ನ, ಅಷ್ಟೇ. ಇಪ್ಪತ್ತೊಂದು ದಿನ” ಎಂದಳು. ಸೊಪ್ಪು ಅರೆಯಲು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಪಥ್ಯ ಹೇಳಲು ಹಿಡಿಯಿತು: ಮಿರ್ಚಿ ಭಜಿ ಇಲ್ಲ, ಹಿಂಡಿ ಇಲ್ಲ, ಒಗ್ಗರಣೆಯೂ ಇಲ್ಲ.

ಮುದುಕಿಯ ಮದ್ದಿನ ಮುಕ್ಕಾಲು ಪಾಲು ಪಥ್ಯ. ಸೊಪ್ಪಿನ ಪಟ್ಟಿ ಮಾಡುವ ಸಂಶೋಧಕ ಗಿಡದ ಹೆಸರು, ಭಾಗ, ಪ್ರಮಾಣ ಬರೆದುಕೊಳ್ಳುತ್ತಾನೆ; ಪಥ್ಯಕ್ಕೆ ಅಲ್ಲಿ ಪ್ರತ್ಯೇಕ ಅಂಕಣ ಸಿಗುವುದು ಅಪರೂಪ. ಪ್ರಯೋಗಶಾಲೆ ಒಂದು ಹೆಜ್ಜೆ ಮುಂದೆ ಹೋಗಿ, ಪಥ್ಯ ಮುರಿಸಿಯೇ ಮದ್ದು ಪರೀಕ್ಷಿಸುತ್ತದೆ. ಅಲ್ಲಿ ಗೆದ್ದರೂ ಸೋತರೂ ಅದು ಮುದುಕಿಯ ಮದ್ದಲ್ಲ.

ಇದನ್ನೆಲ್ಲ ‘ಮೂಢನಂಬಿಕೆ’ ಎಂದು ಒಂದೇ ಏಟಿಗೆ ಮುಗಿಸುವ ವಿಮರ್ಶಕರೂ ಇದ್ದಾರೆ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿನ ಹಾನಿ ವರದಿ ಮಾಡಿದಾಗ ಅವರು ಕುಣಿದರು. ಅತ್ತ ಆಯುಷ್ ಸಚಿವಾಲಯ ಗಿಡದ ಗುರುತೇ ಖಚಿತವಾಗಿಲ್ಲ ಎಂದು ಹರಿಹಾಯಿತು. ಇಬ್ಬರ ಜಗಳವೂ ಬಳ್ಳಿಯದೇ. ರೋಗಿಯ ತಟ್ಟೆಯಲ್ಲಿ ಏನಿತ್ತು ಎಂಬುದು ಆ ಗದ್ದಲದಲ್ಲಿ ಯಾರಿಗೂ ಬೇಕಾಗಲಿಲ್ಲ. ವರದಿ ಎಚ್ಚರಿಕೆಗೆ ಸಾಕು, ಕುಣಿತಕ್ಕೆ ಸಾಲದು.

ಸೊಪ್ಪಿನ ಪರವಾಗಿ ಒಂದು ಮಾತು ಹೇಳಲೇಬೇಕು: ಅದರಲ್ಲಿ ಗುಣ ಇದ್ದೀತು. ಆದರೆ ನೀರಿನಿಂದ ಬರುವ ಕಾಮಣಿ ಬಹುಪಾಲು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಾಗಾಗಿ ಸೊಪ್ಪಿಗೆ ಸಂದ ಕೀರ್ತಿ ಅರ್ಧಕ್ಕರ್ಧ ಸಾಲದ್ದು. ಫ್ಯಾಟಿ ಲಿವರ್ ಕಣ್ಣು ಹಳದಿ ಮಾಡದೆ ವರ್ಷಗಟ್ಟಲೆ ಸುಮ್ಮನಿರುತ್ತದೆ. ಅದಕ್ಕೆ ಇವತ್ತಿಗೂ ಗಟ್ಟಿ ಮದ್ದೆಂದರೆ ಊಟ, ನಡಿಗೆ, ಮೈತೂಕ. ತೂಕ ನೂರಕ್ಕೆ 7ರಿಂದ 10ರಷ್ಟು ಇಳಿದರೆ ಯಕೃತ್ತಿನ ಉರಿಯೂತವೂ ತಗ್ಗುತ್ತದೆ.

ನನ್ನ ಕಾಮಣಿಗೆ ಆ ಪಥ್ಯ ಬೇಕೇ ಇರಲಿಲ್ಲವೇನೋ. ಈಗ ಸ್ಕ್ಯಾನಿಂಗ್ ಚೀಟಿ ಹಿಡಿದು ಸೊಪ್ಪಿನ ಮದ್ದಿನ ಸೀಸೆ ಕೊಳ್ಳಲು ನಿಂತವನಿಗೆ ಬೇಕಾದದ್ದು ಅದೇ. ಸೀಸೆಯ ಮೇಲೆ ಗಿಡದ ಚಿತ್ರ ಇದೆ. ಮುದುಕಿಯ ಮಾತು ಇಲ್ಲ.