ಮುಳಬಾಗಿಲಿನ ಕಲ್ಲು, ರೈಸ್ ಕೊಟ್ಟ ನಂಬರು

ಇತಿಹಾಸದ ಪುಸ್ತಕದ ಅಡಿಟಿಪ್ಪಣಿಯಲ್ಲಿ ‘ಎಂ.ಬಿ.’ ಎಂದಿದ್ದು, ಪಕ್ಕದಲ್ಲೊಂದು ಸಂಖ್ಯೆ ಕಂಡರೆ ಅದು ಮುಳಬಾಗಿಲು ತಾಲ್ಲೂಕಿನ ಶಾಸನ. ಮಾಲೂರಿಗೆ ‘ಎಂ.ಆರ್.’, ಶ್ರೀನಿವಾಸಪುರಕ್ಕೆ ‘ಎಸ್.ಪಿ.’. ಶಾಸನಗಳ ಸಂಪುಟಮಾಲೆ ‘ಎಪಿಗ್ರಾಫಿಯಾ ಕರ್ನಾಟಿಕ’ಕ್ಕೆ ಅದರ ಸಂಪಾದಕ ಬಿ.ಎಲ್. ರೈಸ್ ಹಾಕಿಕೊಂಡ ಏರ್ಪಾಟು ಇಷ್ಟೇ: ಜಿಲ್ಲಾವಾರು ಸಂಪುಟ, ತಾಲ್ಲೂಕಿಗೊಂದು ಗುರುತು, ಶಾಸನಕ್ಕೊಂದು ಸಂಖ್ಯೆ. ಈ ತಾಲ್ಲೂಕುಗಳಿರುವ ಕೋಲಾರ ಜಿಲ್ಲೆಯದು 10ನೇ ಸಂಪುಟ, 1905ರಲ್ಲಿ ಬಂತು. ಪರಿಷ್ಕೃತ ಸಂಪುಟಗಳು ಬಂದ ಮೇಲೂ ಈ ಹಳೆಯ ಸಂಖ್ಯೆಗಳ ಚಲಾವಣೆ ನಿಂತಿಲ್ಲ. ಒಳ್ಳೆಯ ಯೋಜನೆಯೆಂದರೆ ಇದೇ ಅನ್ನಿಸುತ್ತದೆ ನನಗೆ.

ಇನ್ನೂ ಹೆಚ್ಚು ಮೆಚ್ಚುವುದು ಕಲ್ಲಿನ ಬರಹವನ್ನು ಕಾಗದಕ್ಕೆ ಇಳಿಸುವ ಪಡಿಯಚ್ಚಿನ ಕೈಕೆಲಸವನ್ನು. ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹರಡಿ, ಅಕ್ಷರದ ಕುಳಿಗೆ ಇಳಿಯುವವರೆಗೆ ಗಡಸು ಬ್ರಷ್ಷಿನಿಂದ ಬಡಿಯಬೇಕು. ಅರೆಬರೆ ಆರಿದ ಮೇಲೆ ಹಗುರವಾಗಿ ಮಸಿ ಒತ್ತಬೇಕು. ಸುತ್ತಲೂ ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮಸಿ ತುಸು ಹೆಚ್ಚಾಯಿತೋ, ಕೆಲಸ ಕೆಟ್ಟಿತು. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ 40 ವರ್ಷ ಆಳಿ, 50 ದೇಗುಲ, ಎರಡು ದೊಡ್ಡ ಕೆರೆ ಕಟ್ಟಿಸಿದ ತ್ರಿಭುವನಕರ್ತಾರನೆಂಬ ಯತಿಯ ಸುದ್ದಿ ಉಳಿದಿರುವುದೂ ಇಂಥ ಕಲ್ಲಿನ ಮೇಲೆಯೇ.

ಈಗ ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯವರು ಬೆಂಗಳೂರು ಸೀಮೆಯ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ನೀರೂ ಬೇಡ, ಮಸಿಯೂ ಬೇಡ. ಸವೆದ ಗೆರೆಯನ್ನೂ ಪರದೆಯ ಮೇಲೆ ಹಿಗ್ಗಿಸಿ ಓದಬಹುದು. ಮುಳಬಾಗಿಲಿನ ಹೊಲಬದುಗಳಲ್ಲಿರುವ ಕಲ್ಲುಗಳಿಗೂ ಆ ಯಂತ್ರ ಬೇಗ ಬರಲಿ.