ನೋಟ್‌ಪ್ಯಾಡಿನಲ್ಲೊಂದು ಪ್ರಶ್ನೆಪತ್ರಿಕೆ

ಚಂದಾಪುರದ ಮಾಸ್ತರರೊಬ್ಬರು ನೂರು ಪ್ರಶ್ನೆಗಳನ್ನು ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ತಂತ್ರಾಂಶಕ್ಕೆ ಏರಿಸಬೇಕು ಎಂದುಕೊಳ್ಳಿ. ಒಂದೊಂದಕ್ಕೂ ಉದ್ದನೆಯ ಫಾರ್ಮ್ ತುಂಬುತ್ತ ಕೂತರೆ ಹೊತ್ತು ಮುಳುಗುತ್ತದೆ. ನಡುವೆ ನೆಟ್‌ವರ್ಕ್ ಹೋದರಂತೂ ಮುಗಿಯಿತು. ಗಿಫ್ಟ್ ಎಂಬ ಬರವಣಿಗೆಯ ಕ್ರಮ ನನಗೆ ಹಿಡಿಸುವುದು ಇಲ್ಲೇ. ದುಬಾರಿ ತಂತ್ರಾಂಶ ಬೇಡ, ಬರೆಯುವಾಗ ನೆಟ್ಟೂ ಬೇಡ, ನೋಟ್‌ಪ್ಯಾಡ್ ಸಾಕು. ಒಂದು ಪ್ರಶ್ನೆ ಹೀಗಿರುತ್ತದೆ:

ಮಳಖೇಡ ಯಾವ ನದಿಯ ದಂಡೆಯಲ್ಲಿದೆ? {
=ಕಾಗಿಣಾ
~ಭೀಮಾ #ಭೀಮೆಯ ದಂಡೆಯಲ್ಲಿರುವುದು ಸನ್ನತಿ
~ಮುಲ್ಲಾಮಾರಿ
}

ಸಮಚಿಹ್ನೆಯ ಮುಂದಿರುವುದು ಸರಿಯುತ್ತರ, ಅಲೆಗೆರೆಯ ಮುಂದಿನವು ತಪ್ಪು. ಹ್ಯಾಶ್ ನಂತರದ ಮಾತು ಭೀಮೆಯನ್ನು ಆರಿಸಿದ ಹುಡುಗನಿಗೆ ಮಾತ್ರ ಕಾಣುತ್ತದೆ. ಸೇಡಂ ತಾಲ್ಲೂಕಿನ ಪ್ರಶ್ನೆಯೊಳಗೆ ಚಿತ್ತಾಪುರ ತಾಲ್ಲೂಕಿನ ಪಾಠವೊಂದು ಹೀಗೆ ಸೇರಿಕೊಂಡಿತು. ಪ್ರಶ್ನೆ ಬರೆಯುವವರ ಕಸುಬು ತಿಳಿಯುವುದೇ ತಪ್ಪುತ್ತರಗಳಲ್ಲಿ. ಸುಮ್ಮನೆ ಗಂಗಾ, ಯಮುನಾ ಎಂದು ತುಂಬಿಸಿದರೆ ಯಾರೂ ಮೋಸಹೋಗುವುದಿಲ್ಲ. ಎರಡು ಪ್ರಶ್ನೆಗಳ ನಡುವೆ ಒಂದು ಖಾಲಿ ಸಾಲು ಬಿಡಬೇಕು, ಪ್ರಶ್ನೆಯೊಳಗೆ ಬಿಡಬಾರದು.

ಕನ್ನಡಕ್ಕೆ ಮೂಡಲ್ ತಕರಾರು ಮಾಡುವುದಿಲ್ಲ, ಬರಹ ಯೂನಿಕೋಡ್‌ನಲ್ಲಿದ್ದು ಫೈಲ್ ಯುಟಿಎಫ್-8ರಲ್ಲಿ ಉಳಿದಿದ್ದರೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನ ಪ್ರಶ್ನೆಪತ್ರಿಕೆಗಳನ್ನು ಹಾಗೇ ಏರಿಸಿದರೆ ಬರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮೊದಲು ಪರಿವರ್ತಕದಲ್ಲಿ ಹಾಯಿಸಬೇಕು. ಪ್ರಶ್ನೆಯೊಂದಕ್ಕೆ ಶಹಾಬಾದ್ ಕಲ್ಲಿನ ಚಿತ್ರ ಸೇರಿಸಬೇಕೆಂದರೆ ಗಿಫ್ಟ್ ಸಾಲದು, ಮೂಡಲ್‌ನದೇ ಎಕ್ಸ್‌ಎಂಎಲ್ ಬೇಕು. ಅದು ಯಂತ್ರಕ್ಕೆ ಸಲೀಸು, ಕಣ್ಣಿಗೆ ಕಷ್ಟ.

ಮೂಡಲ್‌ಗೆ ಇನ್ನೊಂದು ಮರ್ಯಾದೆಯೂ ಇದೆ. ‘ದೋಷ ಕಂಡರೆ ನಿಲ್ಲಿಸು’ ಎಂಬ ಆಯ್ಕೆ ಇದ್ದಾಗ ಒಂದು ಆವರಣ ಮುಚ್ಚಲು ಮರೆತರೂ ಮೂಡಲ್ ಅರ್ಧಂಬರ್ಧ ನುಂಗುವುದಿಲ್ಲ. ದೂರು ಹೇಳಿ, ಇಡೀ ಫೈಲನ್ನೇ ಒಲ್ಲೆ ಎನ್ನುತ್ತದೆ.