ಹರ್ಲಿಯ ಗಾಜು, ಯಂತ್ರದ ಕಂಠ

ಕಾಡು, ಕಡಲು, ಹಿಮ, ಸಾವಿನ ಬಾಯಿಂದ ಪಾರಾಗಿ ಬಂದವರ ಕಥೆ – ಟೆಲಿವಿಷನ್ನಿನಲ್ಲಿ ಇವುಗಳಿಗೆ ಬರವಿಲ್ಲ. ಬಹುಪಾಲನ್ನು ನೋಡಿದ ಮರುದಿನವೇ ಮರೆತುಬಿಡುತ್ತೇನೆ. 2024ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನವರು ಹೊರತಂದ ‘ಎಂಡ್ಯೂರೆನ್ಸ್’ ಮಾತ್ರ ಮರೆಯಗೊಡಲಿಲ್ಲ. ಮೆಚ್ಚಿಕೆಯಿಂದಲೂ ಹೌದು, ಒಂದು ಬಗೆಯ ಮುನಿಸಿನಿಂದಲೂ ಹೌದು.

ಶ್ಯಾಕಲ್ಟನ್ನನ ಈ ಹಡಗು ವೆಡೆಲ್ ಸಮುದ್ರದ ಮಂಜುಗಡ್ಡೆಗಳ ನಡುವೆ ಸಿಕ್ಕಿ ನಜ್ಜುಗುಜ್ಜಾಗಿ 1915ರ ನವೆಂಬರಿನಲ್ಲಿ ಮುಳುಗಿತು. 2022ರ ಮಾರ್ಚಿನಲ್ಲಿ, 3,008 ಮೀಟರಿನ ಆಳದಲ್ಲಿ, ಪತ್ತೆಯಾಯಿತು. ಎರಡೂ ಕಥೆಗಳನ್ನು ಚಿತ್ರ ಜೊತೆಯಾಗಿ ಹೆಣೆಯುತ್ತದೆ. ಶೋಧಕರ ಭಾಗ ಸೊಗಸಾಗಿಯೇ ಇದೆ. ನನ್ನ ಮನಸ್ಸು ನಿಂತದ್ದು ಛಾಯಾಗ್ರಾಹಕ ಫ್ರ್ಯಾಂಕ್ ಹರ್ಲಿಯ ಬಳಿ. ಒಡೆದ ಹಡಗಿನೊಳಗಿನ ಹಿಮನೀರಿಗೆ ಬಟ್ಟೆ ಕಳಚಿ ಇಳಿದು ನೆಗೆಟಿವ್‌ಗಳ ಪೆಟ್ಟಿಗೆಗಳನ್ನು ಮೇಲೆತ್ತಿದವನು ಆತ. ಎಲ್ಲವನ್ನೂ ಹೊತ್ತು ನಡೆಯುವುದು ಆಗದ ಮಾತು. ನಾಯಕನೂ ಆತನೂ ಕುಳಿತು ಸುಮಾರು 120ನ್ನು ಆರಿಸಿ, ಮಿಕ್ಕ 400ರಷ್ಟು ಗಾಜಿನ ಫಲಕಗಳನ್ನು ಅಲ್ಲಿಯೇ ಒಡೆದುಹಾಕಿದರು – ಮತ್ತೆ ಮನಸ್ಸು ಬದಲಾಗಬಾರದೆಂದು! ಇಷ್ಟು ಬೆಲೆ ತೆತ್ತು ಉಳಿಸಿಕೊಂಡ ಚಿತ್ರಗಳಿವು.

ಇವುಗಳ ಪಕ್ಕದಲ್ಲಿ ನಿರ್ದೇಶಕರು ನಟರಿಂದ ಆಡಿಸಿದ ದೃಶ್ಯಗಳನ್ನಿಟ್ಟಿದ್ದಾರೆ. ಅದನ್ನು ಹೇಗೋ ಸಹಿಸಬಹುದು. ನನಗೆ ಒಗ್ಗದ್ದು ದನಿ. ನಾವಿಕರ ದಿನಚರಿಗಳನ್ನು ಬರೆದವರ ಕಂಠದಲ್ಲಿಯೇ, ಹಳೆಯ ಧ್ವನಿಮುದ್ರಣಗಳ ಆಧಾರದಿಂದ, ಕೃತಕ ಬುದ್ಧಿಮತ್ತೆಯಿಂದ ಓದಿಸಿದ್ದಾರೆ. ಇದನ್ನು ಅವರು ಮುಚ್ಚಿಟ್ಟಿಲ್ಲ, ನಿಜ. ಆದರೆ ದಿನಚರಿಯೆಂಬುದು ಆಡಿದ ಮಾತಲ್ಲವಷ್ಟೆ? ಮರಗಟ್ಟಿದ ಬೆರಳಲ್ಲಿ ತನಗಾಗಿಯೇ ಗೀಚಿಕೊಂಡದ್ದು. ಓದುವವನು ಅದಕ್ಕೆ ತನ್ನೊಳಗಿನ ದನಿಯನ್ನು ಕೊಡುತ್ತಾನೆ. ಯಂತ್ರ ಆ ಕೆಲಸವನ್ನು ನನ್ನಿಂದ ಕಿತ್ತುಕೊಂಡಿತು. ಮೇಲಾಗಿ ಹಸಿವಿಗೂ ಹವೆಗೂ ಒಂದೇ ಸ್ವರ!

ಜೊತೆಗೆ ಕುಳಿತು ನೋಡಿದ ಗೆಳೆಯರು ನನ್ನನ್ನು ಕಟ್ಟಿಹಾಕಿದರು. “ನಿಮ್ಮ ಹರ್ಲಿಯೇನು ಕಡಿಮೆಯೆ? 1916ರ ಏಪ್ರಿಲಿನಲ್ಲಿ ಎಲಿಫೆಂಟ್ ದ್ವೀಪದಿಂದ ಹೊರಟ ದೋಣಿಯ ಚಿತ್ರವನ್ನೇ ತಿದ್ದಿ, ರಕ್ಷಣೆಗೆ ಬಂದ ದೋಣಿಯೆಂದು ತೋರಿಸಲಿಲ್ಲವೆ?” ತೋರಿಸಿದ್ದ. ಇದಕ್ಕೆ ನನ್ನಲ್ಲಿ ಪೂರಾ ಉತ್ತರವಿಲ್ಲ. ಅವನು ತಿದ್ದಿದ್ದು ತನ್ನ ಚಿತ್ರವನ್ನು. ಇಲ್ಲಿ ಮಾತಾಡಿಸಿರುವುದು ಒಲ್ಲೆನೆನ್ನಲಾರದ ಸತ್ತವರನ್ನು – ಇಷ್ಟು ಮಾತ್ರ ಹೇಳಿದೆ. ಗೆಳೆಯರು ಒಪ್ಪಲಿಲ್ಲ.

ಎರಡನೆಯ ಸಲ ನೋಡುವಾಗ ಹರ್ಲಿಯ ದೃಶ್ಯಗಳು ಬಂದಲ್ಲೆಲ್ಲ ಸದ್ದನ್ನು ನಿಲ್ಲಿಸಿದೆ. ಕೂವೆಮರಗಳು ಮುರಿದು ಬೀಳುತ್ತವೆ. ಮಂಜಿನ ಮೇಲೆ ನಿಂತ ನಾಯಿಗಳು ಸುಮ್ಮನೆ ನೋಡುತ್ತಿವೆ.